ತರಬೇತಿ ಮುಗಿದ ಮೇಲಿನ ಎರಡು ವರ್ಷ: ಯುವಜನರ ಜೀವನೋಪಾಯ ಯೋಜನೆಗಳನ್ನು ರೂಪಿಸುವ ಬಗೆ

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಏನಾದರೂ ಮಾಡಬೇಕೆಂದು ಹಣ ಕೂಡಿಸಲು ಕುಳಿತಾಗ ಸಾಮಾನ್ಯವಾಗಿ ಮೂರು ಸಲಹೆಗಳು ಬರುತ್ತವೆ: ಶಾಲೆಗೊಂದು ಕೋಣೆ, ಒಂದು ಆರೋಗ್ಯ ಶಿಬಿರ, ನಿರುದ್ಯೋಗಿ ಯುವಕ ಯುವತಿಯರಿಗೆ ಕೌಶಲ ತರಬೇತಿ. ಕೋಣೆ ಕಟ್ಟಿದರೆ ಮರುವರ್ಷ ರಜೆಗೆ ಹೋದಾಗ ನೋಡಬಹುದು. ಶಿಬಿರದಲ್ಲಿ ಎಷ್ಟು ಜನರ ಕಣ್ಣು ಪರೀಕ್ಷಿಸಿದರೆಂದು ಎಣಿಸಬಹುದು. ಮೂರನೆಯದರಲ್ಲಿ ಮಾತ್ರ ನಮಗೆ ಬಂದು ತಲುಪುವುದು ಒಂದು ಗುಂಪಿನ ಛಾಯಾಚಿತ್ರ. ಹಿಂದೆ ಇಪ್ಪತ್ತು ಹೊಲಿಗೆ ಯಂತ್ರಗಳು, ಮುಂದೆ ಪ್ರಮಾಣಪತ್ರ ಹಿಡಿದ ಹುಡುಗಿಯರು. ಒಂದು ವರ್ಷದ ನಂತರ ಆ ಹುಡುಗಿಯರಲ್ಲಿ ಎಷ್ಟು ಮಂದಿ ಹೊಲಿದು ಸಂಪಾದಿಸುತ್ತಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಅಪರೂಪ, ಕೇಳುವವರು ಇನ್ನೂ ಅಪರೂಪ.

ವೈದ್ಯವೃತ್ತಿಯಲ್ಲಿರುವ ನನಗೆ ಈ ವಿಷಯ ಅಷ್ಟೇನೂ ದೂರದ್ದಲ್ಲ. ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಯುವಕನ ನಿದ್ರಾಹೀನತೆಗೂ ಬೆನ್ನುನೋವಿಗೂ ಮಾತ್ರೆಯಿಂದ ಆಗುವ ಉಪಕಾರ ಅಲ್ಪವೆಂಬುದನ್ನು ಎಲ್ಲ ಊರಿನ ವೈದ್ಯರೂ ಬಲ್ಲರು. ಆದ್ದರಿಂದ ಇಂಥ ಯೋಜನೆಗಳಲ್ಲಿ ಯಾವುದು ಫಲಿಸುತ್ತದೆ, ಯಾವುದು ಫಲಿಸುವುದಿಲ್ಲ, ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೌಶಲ ಬೇರೆ, ಜೀವನೋಪಾಯ ಬೇರೆ. ದ್ವಿಚಕ್ರ ವಾಹನದ ಎಂಜಿನ್ ಬಿಚ್ಚಿ ಜೋಡಿಸಲು ಬರುವುದು ಕೌಶಲ. ಅದೇ ಜೀವನೋಪಾಯವಾಗಬೇಕಾದರೆ ರಸ್ತೆಬದಿಯಲ್ಲಿ ಒಂದು ಜಾಗ, ಉಪಕರಣಗಳಿಗೆ ಹಣ, ಬಿಡಿಭಾಗಗಳನ್ನು ಸಾಲವಾಗಿ ಕೊಡುವ ಅಂಗಡಿ, ಮೊದಲ ಆರು ತಿಂಗಳು ಸಂಪಾದನೆ ಇಲ್ಲದಿದ್ದರೂ ತಡೆದುಕೊಳ್ಳುವ ಮನೆ, ತೊಡಕು ಬಂದಾಗ ಕೇಳಲು ಒಬ್ಬ ಹಿರಿಯ, ಇಷ್ಟೂ ಬೇಕು. ತರಬೇತಿ ಕೇಂದ್ರಗಳು ತಮ್ಮ ಕೈಯಲ್ಲಿರುವ ಮೊದಲನೆಯದನ್ನು ಕೊಟ್ಟು, ಉಳಿದವು ತಾವಾಗಿಯೇ ಕೂಡಿಬರುತ್ತವೆಂದು ಭಾವಿಸುತ್ತವೆ.

ಈ ತಪ್ಪು ಬಡದೇಶಗಳದ್ದು ಮಾತ್ರವೆಂದು ತಿಳಿಯಬೇಕಾಗಿಲ್ಲ. ನಾವು ಬದುಕುತ್ತಿರುವ ಈ ಎರಡು ನಗರಗಳಲ್ಲಿಯೇ ಎರಡು ಪಾಠಗಳು ನಡೆದುಹೋಗಿವೆ. 2005ರ ನಂತರದ ವರ್ಷಗಳಲ್ಲಿ ಅಡುಗೆ ಮತ್ತು ಕೇಶವಿನ್ಯಾಸ ಕಲಿಸುವ ಖಾಸಗಿ ಕಾಲೇಜುಗಳು ಮೆಲ್ಬರ್ನ್ ಮತ್ತು ಸಿಡ್ನಿಗಳಲ್ಲಿ ನಾಯಿಕೊಡೆಗಳಂತೆ ಎದ್ದವು. ಆ ಕಸುಬುಗಳು ವಲಸೆ ಇಲಾಖೆಯ ಬೇಡಿಕೆಯ ಪಟ್ಟಿಯಲ್ಲಿದ್ದುದರಿಂದ, ಕೋರ್ಸು ಮುಗಿಸಿ 900 ಗಂಟೆಗಳ ಕೆಲಸದ ಅನುಭವ ತೋರಿಸಿದವರಿಗೆ ಶಾಶ್ವತ ನಿವಾಸದ ದಾರಿ ಸುಗಮವಾಗುತ್ತಿತ್ತು. ಭಾರತದಿಂದ ಸಾವಿರಾರು ವಿದ್ಯಾರ್ಥಿಗಳು ಬಂದರು. ಕಾಲೇಜು ಮಾರುತ್ತಿದ್ದುದು ಅಡುಗೆಯನ್ನಲ್ಲ, ವೀಸಾದ ಅಂಕಗಳನ್ನು. ಅನುಭವದ ಸುಳ್ಳು ಪತ್ರಗಳಿಗೂ ಒಂದು ಮಾರುಕಟ್ಟೆ ಹುಟ್ಟಿತು. 2010ರ ಫೆಬ್ರುವರಿಯಲ್ಲಿ ಸರ್ಕಾರ ಆ ಪಟ್ಟಿಯನ್ನೇ ರದ್ದು ಮಾಡಿತು. ಅಷ್ಟರಲ್ಲಾಗಲೇ ಒಂದರ ಹಿಂದೊಂದು ಕಾಲೇಜು ಬಾಗಿಲು ಮುಚ್ಚತೊಡಗಿತ್ತು. ಊರಿನಲ್ಲಿ ಹೊಲ ಒತ್ತೆಯಿಟ್ಟು ಮಕ್ಕಳನ್ನು ಕಳುಹಿಸಿದ್ದ ಕುಟುಂಬಗಳ ಪಾಡನ್ನು ನಮ್ಮ ತಲೆಮಾರಿನವರು ಮರೆತಿರಲಾರರು.

ಎರಡನೆಯ ಪಾಠದ ಬೆಲೆ ತೆತ್ತವರು ಇಲ್ಲಿಯ ನಿವಾಸಿಗಳೇ. ವೃತ್ತಿಶಿಕ್ಷಣದ ಶುಲ್ಕಕ್ಕೆ ಸರ್ಕಾರವೇ ಸಾಲ ಕೊಡುವ 'ವೆಟ್ ಫೀ-ಹೆಲ್ಪ್' ಯೋಜನೆಯಲ್ಲಿ 2009ರಲ್ಲಿ ಹಂಚಿಕೆಯಾದ ಸಾಲ ಸುಮಾರು 2.6 ಕೋಟಿ ಡಾಲರ್. 2015ರ ಹೊತ್ತಿಗೆ ಅದು ಸುಮಾರು 290 ಕೋಟಿ ಡಾಲರಿಗೆ ಏರಿತು. ವಿದ್ಯಾರ್ಥಿ ಹೆಸರು ಬರೆಸಿ ಕೆಲವು ವಾರ ಕಳೆದರೆ ಕಾಲೇಜಿಗೆ ಹಣ ಬರುತ್ತಿತ್ತು. ಕಲಿತನೋ ಇಲ್ಲವೋ, ಕೆಲಸ ಸಿಕ್ಕಿತೋ ಇಲ್ಲವೋ, ಅದಕ್ಕೂ ಹಣಕ್ಕೂ ಸಂಬಂಧವಿರಲಿಲ್ಲ. ದಲ್ಲಾಳಿಗಳು ಬಡ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ, ಉಚಿತ ಲ್ಯಾಪ್‌ಟಾಪ್ ತೋರಿಸಿ, ಓದಲು ಬಾರದವರಿಂದಲೂ ಸಹಿ ಹಾಕಿಸಿದರು. 2016ರ ಕೊನೆಗೆ ಯೋಜನೆಯನ್ನು ಮುಚ್ಚಬೇಕಾಯಿತು. ಒಂದು ಯೋಜನೆ ಯಾವುದಕ್ಕೆ ಹಣ ಕೊಡುತ್ತದೆಯೋ ಅದೇ ಅದರಿಂದ ಉತ್ಪತ್ತಿಯಾಗುತ್ತದೆ. ದಾಖಲಾತಿಗೆ ಕೊಟ್ಟರೆ ದಾಖಲಾತಿ, ಪ್ರಮಾಣಪತ್ರಕ್ಕೆ ಕೊಟ್ಟರೆ ಪ್ರಮಾಣಪತ್ರ.

ಇದೇ ದೇಶದಲ್ಲಿ ಒಳ್ಳೆಯ ಮಾದರಿಯೂ ಇದೆ. ಇಲ್ಲಿ ಎಲೆಕ್ಟ್ರಿಷಿಯನ್ ಆಗಬಯಸುವ ಹುಡುಗ ಸಾಮಾನ್ಯವಾಗಿ ನಾಲ್ಕು ವರ್ಷ ಒಬ್ಬ ಮಾಲೀಕನ ಬಳಿ ಸಂಬಳಕ್ಕೆ ದುಡಿಯುತ್ತಲೇ, ನಡುನಡುವೆ ಟೇಫ್ ಸಂಸ್ಥೆಯ ತರಗತಿಗೆ ಹೋಗುತ್ತಾನೆ. ಕೆಲಸ ಮೊದಲು, ಕಲಿಕೆ ಅದರ ಜೊತೆಗೆ. ಇದನ್ನು ಕಂಡ ನಮ್ಮವರು 'ಊರಿನಲ್ಲಿಯೂ ಹೀಗೆಯೇ ಮಾಡಬಾರದೇಕೆ' ಎನ್ನುತ್ತಾರೆ. ಮಾಡಲಾಗದು, ಏಕೆಂದರೆ ಆ ಮಾದರಿ ನಿಂತಿರುವುದು ಮಾಲೀಕನ ಮೇಲೆ. ಭಾರತದಲ್ಲಿ ದುಡಿಯುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ದುಡಿಮೆಯವರು. ಹಳ್ಳಿಗಳಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು. ತಾನೇ ಮಾಲೀಕ, ತಾನೇ ಆಳು ಆಗಿರುವ ಕಡೆ ಅಪ್ರೆಂಟಿಸನನ್ನು ಯಾರ ಬಳಿಗೆ ಕಳುಹಿಸುವುದು? ಅಲ್ಲಿ ಬೇಕಾದದ್ದು ಸ್ವಉದ್ಯೋಗಕ್ಕೆಂದೇ ರೂಪಿಸಿದ ಕ್ರಮ. ಅಂಥದೊಂದು ಕ್ರಮ ನಮ್ಮ ನಾಡಿನಲ್ಲಿಯೇ ಹುಟ್ಟಿ, ದೇಶವ್ಯಾಪಿಯಾಗಿ ಬೆಳೆದಿದೆ.

1982ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯೇ ಅದು. ಪೂರ್ಣ ಹೆಸರು ಗ್ರಾಮೀಣಾಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಬಳಿಗೆ ಕೆಲಸ ಕೊಡಿಸಿರೆಂದು ಬರುವ ಯುವಕರ ಸಂಖ್ಯೆ ಹೆಚ್ಚಿದಾಗ, ಎಲ್ಲರಿಗೂ ನೌಕರಿ ಕೊಡುವುದು ಅಸಾಧ್ಯವೆಂದರಿತು, ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಮೂರೂ ಸೇರಿ ಅದನ್ನು ಕಟ್ಟಿದವು. ಬ್ಯಾಂಕುಗಳು ಇದರಲ್ಲಿ ಪಾಲುದಾರರಾದದ್ದು ಆಕಸ್ಮಿಕವಲ್ಲ. ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದೇ ಕರಾವಳಿಯ ಕೈಮಗ್ಗದ ನೇಕಾರರಿಗೆ ಬಂಡವಾಳ ಒದಗಿಸುವ ಉದ್ದೇಶದಿಂದ. ಅದರ ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ವೈದ್ಯರು. (ನಮ್ಮ ವೃತ್ತಿಯವರು ಬ್ಯಾಂಕು ಕಟ್ಟಿದ ಉದಾಹರಣೆ ನನಗೆ ಬೇರೆ ನೆನಪಿಲ್ಲ.) 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಠೇವಣಿಯ ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಬಿಡಿಕಾಸು ಸಂಗ್ರಹಿಸುತ್ತಿದ್ದರು. ಬ್ಯಾಂಕಿನವನು ಮನೆಬಾಗಿಲಿಗೆ ಬರುವುದು ಆ ಸೀಮೆಗೆ ಹೊಸದಾಗಿರಲಿಲ್ಲ.

ರುಡ್‌ಸೆಟ್‌ನ ಕ್ರಮ ಸರಳ. ಊಟ ವಸತಿಗಳೊಡನೆ ಉಚಿತವಾದ ತರಬೇತಿ. ಅವಧಿ ಒಂದು ವಾರದಿಂದ ಆರು ವಾರ. ಹೈನುಗಾರಿಕೆ, ಪಂಪ್‌ಸೆಟ್ ದುರಸ್ತಿ, ಮನೆಯ ವೈರಿಂಗ್, ಹೊಲಿಗೆ, ಮೊಬೈಲ್ ರಿಪೇರಿ ಮುಂತಾದ ಕಸುಬುಗಳು. ಪ್ರತಿ ಬೆಳಿಗ್ಗೆ ಶಿಬಿರಾರ್ಥಿಗಳು ನಿನ್ನೆ ಕಲಿತ ಅತಿ ಮುಖ್ಯ ಪಾಠವೇನೆಂದು ಎಲ್ಲರೆದುರು ಹೇಳಬೇಕು. ಕಸುಬಿನ ಜೊತೆಗೆ ಕೆಲವು ಆಟಗಳಿವೆ. ಒಂದರಲ್ಲಿ ನೆಲಕ್ಕೆ ನೆಟ್ಟ ಗೂಟಕ್ಕೆ ಬಳೆ ಎಸೆಯಬೇಕು. ಎಷ್ಟು ದೂರದಿಂದ ಎಸೆಯುವುದೆಂಬುದು ಅವರವರ ಆಯ್ಕೆ. ಹತ್ತಿರ ನಿಂತರೆ ಅಂಕ ಕಡಿಮೆ, ತೀರ ದೂರ ನಿಂತರೆ ಗುರಿ ತಪ್ಪುತ್ತದೆ. ತನ್ನ ಕೈಯ ಅಳತೆ ಅರಿತು ನಡುದೂರವನ್ನು ಆರಿಸುವವನು ಸಾಲವನ್ನೂ ಹಾಗೆಯೇ ಅಳೆದು ತೆಗೆದುಕೊಳ್ಳುತ್ತಾನೆಂಬುದು ಇದರ ಹಿಂದಿನ ತರ್ಕ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಲಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಕೊಡಿಸಿದ ಸಾಧನಾ ಪ್ರೇರಣೆಯ ತರಬೇತಿಯ ಪರಂಪರೆ ಇದು.

ಆದರೆ ಈ ಮಾದರಿಯ ಜೀವಾಳ ಶಿಬಿರದಲ್ಲಿಲ್ಲ. ಶಿಬಿರಾರ್ಥಿ ಮನೆಗೆ ಹೋದ ಮೇಲೆ ಎರಡು ವರ್ಷ ಅವನ ಬೆನ್ನು ಹತ್ತುವುದರಲ್ಲಿದೆ. ಪತ್ರ, ದೂರವಾಣಿ, ಮನೆಭೇಟಿ, ಹಳೆಯ ಶಿಬಿರಾರ್ಥಿಗಳ ಸಭೆ, ಸಾಲದ ಅರ್ಜಿ ಎಲ್ಲಿ ನಿಂತಿದೆಯೆಂದು ಬ್ಯಾಂಕಿನ ಶಾಖೆಯಲ್ಲಿ ವಿಚಾರಿಸುವುದು, ಇವೆಲ್ಲ ಅದರ ಭಾಗ. ಸಂಸ್ಥೆಯ ನಿರ್ದೇಶಕ ಬ್ಯಾಂಕಿನ ಅಧಿಕಾರಿಯೇ ಆಗಿರುವುದರಿಂದ ಶಾಖೆಯ ವ್ಯವಸ್ಥಾಪಕನೊಡನೆ ಅವನು ಮಾತನಾಡಬಲ್ಲ. ಸ್ವಯಂಸೇವಾ ಸಂಸ್ಥೆಯ ಹುಡುಗನೊಬ್ಬ ಹೋದರೆ ನಾಳೆ ಬಾ ಎನ್ನುತ್ತಾರೆ. ಎಣಿಕೆಯೂ ಬೇರೆ ಬಗೆಯದು. ಎಷ್ಟು ಮಂದಿ ಕಲಿತರು ಎಂಬುದರ ಜೊತೆಗೆ ಎಷ್ಟು ಮಂದಿ ನೆಲೆಗೊಂಡರು ಎಂಬುದನ್ನೂ ಲೆಕ್ಕ ಒಪ್ಪಿಸಬೇಕು. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಮಾದರಿಯನ್ನೇ ಎತ್ತಿಕೊಂಡು, ಜಿಲ್ಲೆಗೊಂದರಂತೆ 'ಆರ್‌ಸೆಟಿ' ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಯಿಸಿತು. ಕಟ್ಟಡಕ್ಕೆ ಒಂದು ಕೋಟಿ ರೂಪಾಯಿ ಕೇಂದ್ರದ್ದು, ನಿವೇಶನ ರಾಜ್ಯದ್ದು, ನಡೆಸುವ ಹೊಣೆ ಬ್ಯಾಂಕಿನದು. ಇಂದು ದೇಶದಲ್ಲಿ ಐನೂರಕ್ಕೂ ಹೆಚ್ಚು ಇವೆ.

ನೆಲೆಗೊಂಡವರ ಪ್ರಮಾಣ ನೂರಕ್ಕೆ ಎಪ್ಪತ್ತರ ಆಸುಪಾಸಿನಲ್ಲಿದೆಯೆಂದು ಈ ಸಂಸ್ಥೆಗಳು ಹೇಳಿಕೊಳ್ಳುತ್ತವೆ. ಇಲ್ಲಿ ನನ್ನ ವೃತ್ತಿಯ ಅನುಮಾನ ತಲೆಯೆತ್ತುತ್ತದೆ. ಹೊಸ ಔಷಧಿ ತೆಗೆದುಕೊಂಡ ನೂರರಲ್ಲಿ ಎಪ್ಪತ್ತು ಮಂದಿ ಗುಣವಾದರೆಂದರೆ, ತೆಗೆದುಕೊಳ್ಳದ ನೂರರಲ್ಲಿ ಎಷ್ಟು ಮಂದಿ ಗುಣವಾದರೆಂದು ನಾವು ಕೇಳುತ್ತೇವೆ. ಮನೆ ಬಿಟ್ಟು ಆರು ವಾರ ಶಿಬಿರದಲ್ಲಿ ಕೂರುವ ಹುಡುಗ ಮೊದಲೇ ಹಟವಾದಿ. ತರಬೇತಿ ಇಲ್ಲದಿದ್ದರೂ ಏನಾದರೊಂದು ಮಾಡಿಯಾನು.

ಹೋಲಿಕೆಯ ಗುಂಪನ್ನಿಟ್ಟುಕೊಂಡು ಅಳೆದ ಪ್ರಯೋಗಗಳು ಬೇರೆ ದೇಶಗಳಲ್ಲಿ ನಡೆದಿವೆ. ಕೊಲಂಬಿಯಾದಲ್ಲಿ ನಗರದ ಬಡ ಯುವಜನರಿಗೆ ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿಯೊಂದರಲ್ಲಿ ಕೆಲಸ ಕೊಡಿಸಿದ ಯೋಜನೆಯಿಂದ ಹೆಣ್ಣುಮಕ್ಕಳ ಸಂಪಾದನೆ ಶೇಕಡ 20ರಷ್ಟು ಏರಿತು. ಗಂಡುಮಕ್ಕಳಲ್ಲಿ ಅಂಥ ಲಾಭ ಕಾಣಲಿಲ್ಲ. ಉತ್ತರ ಉಗಾಂಡದ ಕಥೆ ಇನ್ನೂ ಸ್ವಾರಸ್ಯಕರ. 2008ರಲ್ಲಿ ಅಲ್ಲಿಯ ಸರ್ಕಾರ ಕಸುಬಿನ ಯೋಜನೆ ಬರೆದುಕೊಟ್ಟ ಯುವಕರ ಗುಂಪುಗಳಿಗೆ ತಲಾ ಸುಮಾರು 380 ಡಾಲರ್ ನಗದನ್ನೇ ಕೊಟ್ಟುಬಿಟ್ಟಿತು. ಅರ್ಜಿಗಳು ಹಣಕ್ಕಿಂತ ಹೆಚ್ಚಿದ್ದುದರಿಂದ ಆಯ್ಕೆ ಲಾಟರಿಯಲ್ಲಿ ನಡೆಯಿತು. ಹೀಗಾಗಿ ಹೋಲಿಕೆ ನ್ಯಾಯವಾಗಿತ್ತು. ಅವರು ಹಣವನ್ನು ಕುಡಿದು ಕಳೆಯಲಿಲ್ಲ. ಉಪಕರಣ ಕೊಂಡರು, ಕಸುಬು ಕಲಿತರು. ನಾಲ್ಕು ವರ್ಷದ ನಂತರ ಅವರ ಸಂಪಾದನೆ ಉಳಿದವರಿಗಿಂತ ಶೇಕಡ 38ರಷ್ಟು ಹೆಚ್ಚಿತ್ತು. ಒಂಬತ್ತನೆಯ ವರ್ಷ ಮತ್ತೆ ಅಳೆದಾಗ ಉಳಿದವರೂ ಹೇಗೋ ದುಡಿದು ಅವರ ಸಮಕ್ಕೆ ಬಂದಿದ್ದರು. ಇದನ್ನು ಸೋಲೆಂದು ನಾನು ಓದುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಕೆಲವು ವರ್ಷ ಮೊದಲೇ ಕಾಲ ಮೇಲೆ ನಿಲ್ಲುವುದು ಸಣ್ಣ ಲಾಭವಲ್ಲ. ಆದರೆ ಬಂಡವಾಳವಿಲ್ಲದ ಕಡೆ ತರಬೇತಿಯೊಂದನ್ನೇ ಕೊಡುವವರು ಈ ಫಲಿತಾಂಶದ ಎದುರು ಕುಳಿತು ಯೋಚಿಸಬೇಕು.

ಇನ್ನು ಕರಾವಳಿಯ ಮಾದರಿ ಎಲ್ಲೆಡೆ ಒಗ್ಗುತ್ತದೆಯೇ? ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆಯಿತು. ಕಲ್ಯಾಣ ಕರ್ನಾಟಕದ ಪಾಲು ಇದರಲ್ಲಿ ದೊಡ್ಡದು. ಯಾದಗಿರಿ, ರಾಯಚೂರುಗಳ ಹಳ್ಳಿಗಳಿಂದ ಕುಟುಂಬಗಳೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಉಜಿರೆಯಲ್ಲಿ ಮೊಬೈಲ್ ರಿಪೇರಿ ಕಲಿತವನ ಸುತ್ತ ಕೈಯಲ್ಲಿ ಕಾಸಿರುವ ಗಿರಾಕಿಗಳಿದ್ದಾರೆ, ಮುಂಬಯಿಯಿಂದಲೂ ಕೊಲ್ಲಿ ದೇಶಗಳಿಂದಲೂ ಹಣ ಬರುವ ಮನೆಗಳಿವೆ. ಗುಳೆ ಹೋದ ಹಳ್ಳಿಯಲ್ಲಿ ವರ್ಷದ ಅರ್ಧಕಾಲ ಗಿರಾಕಿಯೇ ಇಲ್ಲ. ಅಲ್ಲಿ ಹತ್ತು ಹುಡುಗಿಯರಿಗೆ ಒಟ್ಟಿಗೆ ಹೊಲಿಗೆ ಕಲಿಸಿದರೆ ಅವರು ಇರುವ ನಾಲ್ಕು ರವಿಕೆಗಳಿಗೆ ಪರಸ್ಪರ ಪೈಪೋಟಿ ಮಾಡುತ್ತಾರೆ. ಇಂಥ ಕಡೆ ಗುಳೆ ಹೋಗುವವನಿಗೆ ಗಾರೆ ಕೆಲಸದ ಬದಲು ಟೈಲ್ಸ್ ಕೂರಿಸುವುದನ್ನೋ ಬಾರ್ ಬೆಂಡಿಂಗನ್ನೋ ಕಲಿಸಿ ಅವನ ದಿನಗೂಲಿ ಏರಿಸುವುದು ಹೆಚ್ಚು ಪ್ರಾಮಾಣಿಕವಾದ ಯೋಜನೆಯೆಂದು ನನಗನ್ನಿಸುತ್ತದೆ. 'ಊರಲ್ಲೇ ಉಳಿಸಬೇಕು' ಎಂಬ ನಮ್ಮ ಆಸೆ, ಊರು ಬಿಟ್ಟು ಬಂದ ನಮ್ಮ ಆಸೆಯೇ ಹೊರತು ಆ ಹುಡುಗನದಾಗಿರಬೇಕಿಲ್ಲ.

ಇಲ್ಲಿಂದ ಹಣ ಕಳುಹಿಸುವವರು ಸಂಸ್ಥೆಯನ್ನು ಕೇಳಬೇಕಾದದ್ದು, ಆದ್ದರಿಂದ, ಎಷ್ಟು ಯಂತ್ರಗಳಿವೆಯೆಂದಲ್ಲ. ಈ ಕಸುಬನ್ನು ಆರಿಸಿದವರು ಯಾರು, ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಈಗಾಗಲೇ ಎಷ್ಟು ಜನ ಅದನ್ನು ಮಾಡುತ್ತಿದ್ದಾರೆ, ಸಾಲ ಕೊಡುವ ಶಾಖೆ ಯಾವುದು, ಎರಡು ವರ್ಷದ ಹಿಂದಿನ ತಂಡದ ಹೆಸರಿನ ಪಟ್ಟಿ ಇದೆಯೇ, ಅವರಲ್ಲಿ ಯಾರಾದರೂ ಐದು ಮಂದಿಯೊಡನೆ ಫೋನಿನಲ್ಲಿ ಮಾತನಾಡಬಹುದೇ. ಐವರನ್ನು ನಾವು ಆರಿಸಬೇಕು, ಅವರಲ್ಲ.

ಕೊನೆಯದಾಗಿ ಕಾನೂನಿನ ಎರಡು ಮಾತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಕಳುಹಿಸುವ ಹಣ ವಿದೇಶಿ ದೇಣಿಗೆಯಲ್ಲ. ಆಸ್ಟ್ರೇಲಿಯದ ಪೌರತ್ವ ಪಡೆದವರದು, ಕೈಯಲ್ಲಿ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಡಿ ಅನುಮತಿ ಹೊಂದಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇಕಡ 20 ಮೀರುವಂತಿಲ್ಲ. ಮನೆಮನೆಗೆ ಹೋಗಿ ಎರಡು ವರ್ಷ ಬೆನ್ನು ಹತ್ತುವ ಕಾರ್ಯಕರ್ತನ ಸಂಬಳ, ಅವನ ಬೈಕಿನ ಪೆಟ್ರೋಲು ಯಾವ ಲೆಕ್ಕದಲ್ಲಿ ಬರುತ್ತವೆಂಬುದನ್ನು ಹಣ ಕಳುಹಿಸುವ ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಭಾರತದ ಸಂಸ್ಥೆಗೆ ನೇರವಾಗಿ ಕೊಟ್ಟ ಹಣಕ್ಕೆ ಇಲ್ಲಿ ತೆರಿಗೆ ವಿನಾಯಿತಿ ಇಲ್ಲ. ವಿನಾಯಿತಿಯ ಮಾನ್ಯತೆ ಇರುವ ಆಸ್ಟ್ರೇಲಿಯದ ಸಂಸ್ಥೆಯ ಮೂಲಕ ಕೊಟ್ಟರೆ ಮಾತ್ರ ಉಂಟು.