ಪಿಕಪ್ಪಿನ ಕುಲುಕಾಟ: ಪಟ್ಟಿ ಕಳಚುವುದು ಪರಿಹಾರವಲ್ಲ

ಟ್ರೇಲರ್ ಎಳೆಯುವ ಪಿಕಪ್ಪು ಖಾಲಿಯಿದ್ದಾಗ ತೋಟದ ದಾರಿಯಲ್ಲಿ ಸೊಂಟ ಮುರಿಯುವಂತೆ ಕುಲುಕುವುದು ಸದಸ್ಯ ಬಾಂಧವರಿಗೆ ತಿಳಿದದ್ದೇ. ಅದಕ್ಕಾಗಿ ಹಿಂದಿನ ಕಮಾನು ಕಟ್ಟಿನಿಂದ ಒಂದೆರಡು ಪಟ್ಟಿ ತೆಗೆಸುವುದುಂಟು. ಇದು ಸಲ್ಲದೆಂದು ನಾವು ಒತ್ತಿ ಹೇಳುತ್ತೇವೆ. ಆ ಪಟ್ಟಿಗಳಿರುವುದು ತುಂಬಿದ ಹೇರಿಗಾಗಿ. ತೆಗೆದರೆ ಭಾರವೆಲ್ಲ ಉಳಿದವುಗಳ ಮೇಲೆ ಬಿದ್ದು, ಕಾಫಿ ಮೂಟೆ ಹೇರಿಕೊಂಡು ಘಾಟಿ ಇಳಿಯುವಾಗಲೇ ಮುರಿದಾವು.

ಮೊದಲು ಟೈರಿನ ಗಾಳಿ ನೋಡಬೇಕು. ಹೇರಿನ ಗಾಳಿಯಲ್ಲೇ ಖಾಲಿ ಗಾಡಿ ಓಡಿಸಿದರೆ ಟೈರು ಕಲ್ಲಿನಂತಾಗುತ್ತದೆ. ತಯಾರಕರು ಖಾಲಿ ಗಾಡಿಗೆ ಸೂಚಿಸಿದಷ್ಟೇ ಗಾಳಿಯನ್ನು, ಟೈರು ತಣ್ಣಗಿರುವಾಗ ಅಳೆದು ಇಡತಕ್ಕದ್ದು. ಹೇರುವ ಮುನ್ನ ಮತ್ತೆ ತುಂಬಿಸತಕ್ಕದ್ದು.

ಎರಡನೆಯದಾಗಿ, ಪಟ್ಟಿಗಳ ನಡುವಿನ ಕೆಸರು, ತುಕ್ಕು ತೆಗೆಸಬೇಕು. ಪಟ್ಟಿಗಳು ಒಂದರ ಮೇಲೊಂದು ಜಾರದಿದ್ದರೆ ಕಮಾನು ಬಗ್ಗದು. ಎಣ್ಣೆ ಸೋರುವ ಶಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿಯೇ ಬದಲಿಸಬೇಕು; ಸವೆದ ಬುಷ್ಷುಗಳನ್ನೂ ಬಿಡಬಾರದು.

ಮೂರನೆಯದು ಟ್ರೇಲರಿನ ಹೇರು. ಎರಡು ಚಕ್ರದ ಟ್ರೇಲರು ಹೇರು ಸಹಿತ 1,000 ಕಿಲೋ ತೂಗಿದರೆ, ಹುಕ್ಕಿನ ಮೇಲೆ 100ರಿಂದ 150 ಕಿಲೋ ಕೂರಬೇಕು. ಕಡಿಮೆಯಾದರೆ ಟ್ರೇಲರು ಅತ್ತಿತ್ತ ತೊನೆಯುತ್ತದೆ. ಹೆಚ್ಚಾದರೆ ಪಿಕಪ್ಪಿನ ಮುಂಭಾಗ ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಮೂಟೆಗಳನ್ನು ಹಿಂದೆ ಮುಂದೆ ಸರಿಸಿ ಇದನ್ನು ಸರಿಪಡಿಸಬಹುದು.

ಮಳೆಗಾಲ ಕಳೆದೊಡನೆ, ಕೊಯ್ಲಿಗೆ ಮುನ್ನ ಇಷ್ಟನ್ನು ಮುಗಿಸಿಕೊಳ್ಳಬೇಕಾಗಿ ವಿನಂತಿ.