ಮುಚ್ಚಿದ ಕದದ ಆಚೆಗೆ ನಮ್ಮ ಮಗ

ಹತ್ತನೆಯ ತರಗತಿ ಮುಗಿಯುವವರೆಗೂ ನಮ್ಮ ಮಗನು ಶಾಲೆಯಿಂದ ಬಂದೊಡನೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಅಂದಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದನು. ಪಿ.ಯು.ಸಿ. ವಿಜ್ಞಾನ ವಿಭಾಗಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಅವನ ಕೋಣೆಯ ಕದ ಮುಚ್ಚಿತು. ಏನು ಕೇಳಿದರೂ "ಏನಿಲ್ಲ" ಎಂಬ ಒಂದೇ ಉತ್ತರ. ನೆಂಟರು ಬಂದರೆ ಹೊರಗೆ ಬಾರನು; ಎಲ್ಲರೊಡನೆ ಕುಳಿತು ಉಣ್ಣನು.

ನಾವು ದಂಪತಿಗಳು ಮಾಡಬಾರದ ತಪ್ಪುಗಳನ್ನೆಲ್ಲ ಮಾಡಿದೆವು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದೆವು. ಸೋದರಮಾವನ ಮಗನ ಅಂಕಗಳನ್ನು ಎತ್ತಿ ಆಡಿದೆವು. ಮೊಬೈಲನ್ನು ಕಿತ್ತಿಟ್ಟುಕೊಂಡೆವು. ಬಂದವರ ಎದುರಿಗೇ "ಇವನಿಗೆ ಯಾರೂ ಬೇಡ" ಎಂದು ನಕ್ಕೆವು. ಕದ ಮತ್ತಷ್ಟು ಬಿಗಿಯಾಯಿತು.

ಹದಿಹರೆಯದ ಮಕ್ಕಳು ಏಕಾಂತವನ್ನು ಬಯಸುವುದು ತಂದೆತಾಯಿಗಳ ಮೇಲಿನ ತಿರಸ್ಕಾರದಿಂದಲ್ಲ. 'ನಾನು ಯಾರು' ಎಂಬುದನ್ನು ತಾವೇ ಕಂಡುಕೊಳ್ಳುವ ವಯಸ್ಸದು. ಈ ವಯಸ್ಸಿನಲ್ಲಿ ನಿದ್ರೆಯನ್ನು ತರುವ ಮೆಲಟೋನಿನ್ ಎಂಬ ರಸವು ದೇಹದಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. ಆದುದರಿಂದ ತಡವಾಗಿ ಮಲಗಿ ತಡವಾಗಿ ಏಳುವುದೆಲ್ಲವೂ ಸೋಮಾರಿತನವಲ್ಲ. ಹಿಂದುಮುಂದನ್ನು ವಿವೇಚಿಸುವ ಮಿದುಳಿನ ಮುಂಭಾಗವು ಪೂರ್ಣವಾಗಿ ಬಲಿಯಲು 25ರ ಹರೆಯದವರೆಗೂ ಕಾಲ ಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. ಇದನ್ನು ಅರಿತ ಮೇಲೆ ನಮ್ಮ ಸಿಟ್ಟು ಅರ್ಧ ಇಳಿಯಿತು.

ಅವನು ರಾತ್ರಿ ಹತ್ತರ ಮೇಲೆ ಹಸಿದು ಅಡುಗೆಮನೆಗೆ ಬರುತ್ತಿದ್ದನು. ಅದೇ ಹೊತ್ತಿಗೆ ಅವನ ತಾಯಿ ಅಲ್ಲಿ ಶೇಂಗಾ ಸುಲಿಯುತ್ತ ಕೂಡುವುದನ್ನು ರೂಢಿ ಮಾಡಿಕೊಂಡಳು. ಪ್ರಶ್ನೆಯಿಲ್ಲ, ಉಪದೇಶವಿಲ್ಲ. ರೊಟ್ಟಿ, ಮೊಸರು ಮುಂದಿಡುವುದು, ಸುಮ್ಮನೆ ಕೂಡುವುದು. ಕೆಲವು ದಿನಗಳಲ್ಲಿ ಅವನೂ ಕುಳಿತು ಸುಲಿಯತೊಡಗಿದನು. ಒಂದು ರಾತ್ರಿ ತಲೆಯೆತ್ತದೆಯೇ ನುಡಿದನು: "ಅವ್ವಾ, ನನಗ ಗಣಿತ ತಿಳೀವಲ್ದು. ಎರಡು ಪರೀಕ್ಷಾದಾಗ ನಪಾಸಾಗೇನಿ. ಅಪ್ಪಾಜಿಗೆ ಹೆಂಗ ಹೇಳ್ಲಿ?"

ತಿಂಗಳುಗಟ್ಟಲೆ ಆ ಹುಡುಗನು ಹೊತ್ತಿದ್ದ ಭಾರ ಅದು. ನಮ್ಮ ಭಯವೇ ಅವನ ಬಾಯಿ ಕಟ್ಟಿತ್ತು. ಮುಂದಿನ ವರ್ಷ ಅವನು ಕಲಾ ವಿಭಾಗಕ್ಕೆ ಬದಲಾದನು. ಕದ ಈಗಲೂ ಆಗಾಗ ಮುಚ್ಚುತ್ತದೆ. ಆದರೆ ಅಗುಳಿ ಬೀಳುವುದಿಲ್ಲ.

ಎದುರಿಗೆ ಕೂಡಿಸಿಕೊಂಡು ವಿಚಾರಣೆ ನಡೆಸಿದರೆ ಬಾರದ ಮಾತು, ಕೈಗೆ ಕೆಲಸವಿದ್ದು ಪಕ್ಕದಲ್ಲಿ ಕುಳಿತಾಗ ತಾನಾಗಿ ಬರುತ್ತದೆ. ಹೊಲದ ದಾರಿ, ಗಾಡಿಯ ಪಯಣ, ಸಂತೆಯ ಚೀಲ, ಇವೆಲ್ಲ ಅಂಥ ಸಂದರ್ಭಗಳೇ. ಮಗನಾಗಲಿ ಮಗಳಾಗಲಿ ಮಾತಾಡಿದಾಗ ಕೂಡಲೇ ಪರಿಹಾರ ಹೇಳದೆ ಮೊದಲು ಪೂರ್ತಿ ಕೇಳಬೇಕು. ಹೇಳಿದ್ದನ್ನು ನೆಂಟರ ಮುಂದೆ ಎಂದೂ ಆಡಬಾರದು.

ಆದರೆ ಎಲ್ಲ ಮೌನವೂ ವಯಸ್ಸಿನ ಮೌನವಲ್ಲ ಎಂಬುದನ್ನು ಮರೆಯಲಾಗದು. ಎರಡು ವಾರಗಳಿಗೂ ಮಿಕ್ಕಿ ದುಃಖ ಅಥವಾ ಸಿಡುಕು ಮುಂದುವರಿದರೆ, ನಿದ್ರೆ ಆಹಾರಗಳು ಕೆಟ್ಟರೆ, ಗೆಳೆಯರನ್ನೂ ಇಷ್ಟದ ಆಟವನ್ನೂ ಬಿಟ್ಟರೆ ವೈದ್ಯರನ್ನು ಕಾಣಬೇಕು. 'ಬದುಕಿ ಏನು ಫಲ' ಎಂಬ ಮಾತು ಬಂದರೆ ಒಂದು ದಿನವೂ ತಡ ಮಾಡಬಾರದು. "ಸಾಯಬೇಕೆಂದು ಅನ್ನಿಸುತ್ತಿದೆಯೇ?" ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಹಾಗೆ ಕೇಳುವುದರಿಂದ ಇಲ್ಲದ ವಿಚಾರ ತಲೆಗೆ ಹೊಗುವುದಿಲ್ಲ. ಬದಲಾಗಿ ಮಗುವಿಗೆ ಹೇಳಿಕೊಳ್ಳಲು ಆಸರೆ ದೊರೆಯುತ್ತದೆ. ಮಗುವನ್ನು ಒಂಟಿಯಾಗಿ ಬಿಡದೆ, ಕೀಟನಾಶಕ, ಮಾತ್ರೆಗಳನ್ನು ಬೀಗದೊಳಗೆ ಇಡಬೇಕು.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿಯೂ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರು ದೊರೆಯುತ್ತಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಜ್ವರಕ್ಕೆ ಔಷಧ ತರಲು ನಾಚದ ನಾವು ಮನದ ನೋವಿಗೆ ನಾಚುವುದೇಕೆ?

ಇಂದು ರಾತ್ರಿ ನಿಮ್ಮ ಮನೆಯ ಕದವೂ ಮುಚ್ಚಿದ್ದರೆ ಬಡಿದು ಬೈಯಬೇಡಿರಿ. "ಊಟ ಬಿಸಿಯಾಗಿದೆ, ನಾನು ಇಲ್ಲಿಯೇ ಇರುತ್ತೇನೆ" ಎಂದಷ್ಟೇ ಹೇಳಿ, ಹೇಳಿದಂತೆ ಅಲ್ಲಿಯೇ ಇರಿ.