ಮನೆ ಕಟ್ಟುವ ಮುನ್ನ ನೀರಿನ ದಾರಿ ನೋಡಿ

ಅಡಿಕೆ ತೋಟ ಹಾಕುವಾಗ ನಮ್ಮಲ್ಲಿ ಯಾರೂ ಬಸಿಗಾಲುವೆಯನ್ನು ಮರೆಯುವುದಿಲ್ಲ. ಬುಡದಲ್ಲಿ ನೀರು ನಿಂತರೆ ಮರ ಉಳಿಯದೆಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಮನೆಯನ್ನೋ ಗೋದಾಮನ್ನೋ ಕಟ್ಟಿಸುವಾಗ ಅದೇ ಬೆಳೆಗಾರರು ಈ ಮಾತಿಗೆ ಅಷ್ಟು ಗಮನ ಕೊಡುವುದಿಲ್ಲ. ಮಲೆನಾಡಿನ ಕಟ್ಟಡಗಳ ಮೊದಲ ವೈರಿ ನೀರು.

ಜಾಗ: ಯಂತ್ರಗಳು ಬಂದ ಮೇಲೆ ಗುಡ್ಡವನ್ನು ನೆಟ್ಟಗೆ ಕಡಿದು ಸಮ ಮಾಡುವುದು ಸುಲಭವಾಗಿದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತ ಧರೆ ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ. ಮಣ್ಣಿನ ಹಿಡಿತವೂ ಸಡಿಲುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು ಮನೆ ತೋಟಗಳು ಮಣ್ಣುಪಾಲಾದುದನ್ನು ನಾವು ಮರೆಯಬಾರದು. ಧರೆಯನ್ನು ಇಳಿಜಾರಾಗಿ ಇಲ್ಲವೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಅದರ ಮೇಲ್ಗಡೆ ಕಾಲುವೆ ತೋಡಿ ಮಳೆನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಮನೆಗೋಡೆ ಧರೆಯಿಂದ ದೂರವಿರಲಿ.

ತಡೆಗೋಡೆ: ಗೋಡೆಯ ಹಿಂದೆ 10 ಅಡಿ ನೀರು ನಿಂತರೆ ಬುಡದ ಪ್ರತಿ ಚದರಡಿಯ ಮೇಲೆ ಸುಮಾರು 280 ಕಿಲೋ ಒತ್ತಡ ಬೀಳುತ್ತದೆ. ಮಣ್ಣಿನ ಒತ್ತಡ ಬೇರೆ. ಆದ್ದರಿಂದ ಹಿಂಬದಿಗೆ ಜಲ್ಲಿ ತುಂಬಿಸಿ, ಐದಾರು ಅಡಿಗೊಂದರಂತೆ ನೀರು ಬಸಿಯುವ ಕೊಳವೆಗಳನ್ನು ಇಡಿಸಿರಿ.

ಪಾಯ: ಅರ್ಧ ಕಡಿದ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಪಾಯ ಹಾಕುವುದು ದೊಡ್ಡ ತಪ್ಪು. ಗಟ್ಟಿ ನೆಲ ಕದಲದು; ತುಂಬಿದ ಮಣ್ಣು ಇಳಿಯುತ್ತದೆ; ನಡುವೆ ಗೋಡೆ ಬಿರಿಯುತ್ತದೆ. ಎಷ್ಟೇ ಆಳವಾಗಲಿ, ಇಡೀ ಪಾಯ ಮೂಲ ನೆಲವನ್ನೇ ಮುಟ್ಟಬೇಕು. ನೆಲಗಟ್ಟು ಎತ್ತರವಿರಬೇಕು. ತುಂಗೆಯ ದಡದಲ್ಲೇ ಇರುವ ಶೃಂಗೇರಿಯ ವಿದ್ಯಾಶಂಕರ ದೇವಾಲಯ 14ನೇ ಶತಮಾನದಿಂದ ಎತ್ತರದ ಜಗತಿಯ ಮೇಲೆ ನಿಂತಿರುವುದನ್ನು ನೋಡಿದರೆ ಇದರ ಬೆಲೆ ತಿಳಿಯುತ್ತದೆ.

ಕಾಂಕ್ರೀಟು: ಸಾಮಾನ್ಯ ಮನೆಯ ತಾರಸಿಗೆ 50 ಕಿಲೋ ಸಿಮೆಂಟಿನ ಒಂದು ಚೀಲಕ್ಕೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಲೆಕ್ಕದಲ್ಲಿ 30 ಲೀಟರಿಗಿಂತ ಹೆಚ್ಚು ನೀರು ಬೇಡ. ಕಲಸುವುದು ಸುಲಭವಾಗಲೆಂದು ನೀರು ಸುರಿದರೆ ಅದು ಆರಿದ ಮೇಲೆ ಒಳಗೆ ಸೂಕ್ಷ್ಮ ರಂಧ್ರಗಳು ಉಳಿದು ಬಲ ಕುಗ್ಗುತ್ತದೆ. ಹಾಕಿದ ಮೇಲಾದರೋ ಕನಿಷ್ಠ 7ರಿಂದ 10 ದಿನ ಒದ್ದೆಯಾಗಿಯೇ ಇರಿಸಬೇಕು.

ಮಳೆಗಾಲ ಹಿಡಿಯುವ ಮೊದಲು ಸದಸ್ಯರು ಒಮ್ಮೆ ಮನೆಯ ಸುತ್ತ ನಡೆದು, ಕಾಲುವೆಯ ದರಗು ತೆಗೆಸಿ, ಕೊಳವೆಗಳ ಬಾಯಿ ಬಿಡಿಸಿಕೊಳ್ಳಬೇಕಾಗಿ ವಿನಂತಿ. ಧರೆಯ ನೆತ್ತಿಯಲ್ಲಿ ಬಿರುಕು ಕಂಡರೆ ಮಾತ್ರ ಮಳೆ ನಿಲ್ಲಲೆಂದು ಕಾಯದೆ ಕೂಡಲೇ ಮನೆ ಬಿಟ್ಟು ಹೊರಡಿರಿ. ಮನೆಯನ್ನು ಮತ್ತೆ ಕಟ್ಟಬಹುದು.